ಅಮೆರಿಕದವಳ ಉಡಿ

೮ ಜನವರಿ ೧೯೬೧, ರವಿವಾರ

ಮುರುಗೆಪ್ಪ ಬಂದಿದ್ದ. ಸ್ವಂತ ಮೈದುನನಾದರೂ ಗೋಡೆಯ ಆಚೆಯಿಂದ ಈಚೆಗೆ ಬರಬೇಕಾದರೆ ಅವನಿಗೆ ಏನಾದರೂ ಕೆಲಸವಿರಬೇಕು. ನಮ್ಮವರು ತೀರಿಕೊಂಡ ವರ್ಷವೇ ನಡುಮನೆಯಲ್ಲಿ ಗೋಡೆ ಎದ್ದಿತು. ಈಚೆಗೆ ನಾನು, ಮಗ ಗುರುಶಿದ್ದಪ್ಪ, ಸೊಸೆ ಮಂದಾಕಿನಿ. ಆಚೆಗೆ ಮುರುಗೆಪ್ಪ ಮತ್ತು ಅವನ ಹೆಂಡತಿ ಗೌರಕ್ಕ. ಅರಳೆ ಅಂಗಡಿ ಮಾತ್ರ ಇನ್ನೂ ಒಂದೇ ಇದೆ, ಹಿತ್ತಿಲೂ ಬಾವಿಯೂ ಒಂದೇ.

“ವೈನಿ, ಅಮೆರಿಕಾದಿಂದ ಒಬ್ಬಾಕಿ ನರ್ಸಬಾಯಿ ಬರಾಕತ್ತಾಳ. ನಮ್ಮ ಕ್ಲಬ್ಬಿನವರು ಕರಸ್ಯಾರ. ಎರಡು ತಿಂಗಳು ಇಲ್ಲಿ ಹೆರಿಗಿ ದವಾಖಾನಿ ನೋಡ್ತಾಳ. ಅಕಿ ಬದಲಿಗೆ ನಮ್ಮ ದವಾಖಾನಿ ನರ್ಸ್ ಸಾವಂತ್ರೆವ್ವ ಈಗಾಗಲೇ ಅಕಿ ಊರಿಗೆ ಹೋಗಿ, ಅಕಿ ತಾಯಿ ಮನ್ಯಾಗ ಇದ್ದಾಳ. ಹೊಟೇಲಿನ್ಯಾಗ ಇಳಸೂ ಹಂಗಿಲ್ಲ. ಮನಿ ಮಂದಿ ಜೋಡಿನ ಇರಬೇಕು,” ಎಂದ.

“ಮನ್ಯಾಗ ಇದ್ದು ಏನ ಮಾಡ್ತಾಳ?”

“ಸರಕಾರ ಸರಕಾರ ಮಾತಾಡೂದು ಬ್ಯಾರೆ, ಮನಿ ಮನಿ ಮಾತಾಡೂದು ಬ್ಯಾರೆ ವೈನಿ. ಒಬ್ಬರ ರೊಟ್ಟಿ ಒಬ್ಬರು ತಿಂದರ ಮುಂದ ಲಡಾಯಿ ಆಗೂದಿಲ್ಲ ಅಂತಾರ.”

ಒಂದೇ ರೊಟ್ಟಿ ತಿಂದು ಬೆಳೆದ ಅಣ್ಣತಮ್ಮಂದಿರ ಮನೆಯಲ್ಲಿ ಗೋಡೆ ಎದ್ದದ್ದು ಹೇಗೆಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವಳನ್ನು ಗೌರಕ್ಕನ ಕಡೆಗೆ ಇಳಿಸುವ ವಿಚಾರ ಅವನದು. ಹಿರಿಯ ಮನೆ ಇದು, ಮೊದಲು ಇಲ್ಲಿ ಇರಬೇಕು ಎಂದೆ. ಕೊನೆಗೆ ಮೊದಲರ್ಧ ನಮ್ಮಲ್ಲಿ, ಉಳಿದರ್ಧ ಅವರಲ್ಲಿ ಎಂದಾಯಿತು. ಗೌರಕ್ಕ ಓದಿದ್ದು ನಾಲ್ಕನೆಯ ಇಯತ್ತೆ. ನಾನು ಸುಳ್ಳದಂಥ ಹಳ್ಳಿಯಿಂದ ಧಾರವಾಡಕ್ಕೆ ಹೋಗಿ, ಬೋರ್ಡಿಂಗಿನಲ್ಲಿ ಇದ್ದು ಮ್ಯಾಟ್ರಿಕ್ ಮುಗಿಸಿದವಳು. ಪರದೇಶದವಳೊಡನೆ ಅವಳು ಏನು ಮಾತನಾಡುತ್ತಾಳೋ ನೋಡೋಣ.

೧೧ ಜನವರಿ, ಬುಧವಾರ

ಬಂದಳು. ಹೆಸರು ಮಿಸೆಸ್ ಈಡಿತ್, ಮನೆಯವರ ಬಾಯಲ್ಲಿ ಮಡಮ್ಮ. ನಲವತ್ತರ ಮೇಲಿನವಳು, ಎತ್ತರದ ಆಳು, ಕೆಂಪು ಹೂಗಳ ಫ್ರಾಕು, ಬೆರಳಲ್ಲಿ ಮದುವೆಯ ಉಂಗುರ. ಕ್ಲಬ್ಬಿನ ಅಧ್ಯಕ್ಷರ ಹೆಂಡತಿ ತಮ್ಮ ಮೋಟಾರಿನಲ್ಲಿ ಕರೆತಂದರು.

ಬೆಳಗಿನಿಂದ ಇಂಗ್ಲಿಷಿನಲ್ಲಿ ಒಂದು ವಾಕ್ಯ ಕೂಡಿಸಿ ಇಟ್ಟುಕೊಂಡಿದ್ದೆ. ವ್ಯಾಕರಣ ತಪ್ಪಿರಲಿಲ್ಲ, ಎರಡು ಸಲ ನೋಡಿದ್ದೆ. ಬಾಗಿಲಿಗೆ ಹೋಗುವಷ್ಟರಲ್ಲಿ ಗೌರಕ್ಕ ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ಅದೂ ನನ್ನ ಹೊಸ್ತಿಲಿನ ಮೇಲೆ.

“ಅಕ್ಕಾರ, ನೀವು ಒಳಗ ಇರ್ರಿ, ನಾ ಬೆಳಗತೀನಿ,” ಎಂದಳು.

ಮುತ್ತೈದೆಯರು ಬೆಳಗಬೇಕೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಎಲ್ಲರೆದುರು ಹೇಳುವ ಅವಶ್ಯಕತೆ ಇರಲಿಲ್ಲ. ಅವಳು ಆರತಿ ಬೆಳಗುವುದು ಕುಲುಮೆಗೆ ಗಾಳಿ ಹಾಕಿದಂತೆ, ಅಷ್ಟು ಗಡಿಬಿಡಿ. ಬಂದವಳು ಅದನ್ನೇ ನೋಡಿ ಕೈ ಚಪ್ಪಾಳೆ ತಟ್ಟಿದಳು. ನನ್ನ ವಾಕ್ಯ ನನ್ನಲ್ಲಿಯೇ ಉಳಿಯಿತು.

೧೪ ಜನವರಿ, ಶನಿವಾರ. ಸಂಕ್ರಾಂತಿ

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ. ಟೇಬಲ್ಲು ತರಿಸಿದ್ದೆ, ಚಮಚ ತರಿಸಿದ್ದೆ. ಮಡಮ್ಮ ಬೆನ್ನು ನೆಟ್ಟಗೆ ಮಾಡಿ ಕುಳಿತು ಉಂಡಳು. ಪ್ರತಿಯೊಂದಕ್ಕೂ ಥ್ಯಾಂಕ್ಯೂ. ಮಂದಾಕಿನಿ ಹೆಣ್ಣುಮಕ್ಕಳ ಸಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು, ಅವಳೇ ಮಾತನಾಡಿದಳು. ನನಗೆ ಬರುವುದಿಲ್ಲವೆಂದಲ್ಲ. ಮಡಮ್ಮನ ಉಚ್ಚಾರ ನಮ್ಮ ಮಾಸ್ತರರು ಕಲಿಸಿದ್ದಲ್ಲ.

ಊಟವಾದ ಮೇಲೆ ಎಳ್ಳು ಕೊಡಲು ಅವಳನ್ನು ಆಚೆ ಮನೆಗೆ ಕಳಿಸಿದೆವು. ಅರ್ಧ ತಾಸಿನಲ್ಲಿ ಬರಬೇಕಾದವಳು ದೀಪ ಹಚ್ಚುವ ಹೊತ್ತಿಗೆ ಬಂದಳು. ಫ್ರಾಕಿನ ತುಂಬ ಜೋಳದ ಹಿಟ್ಟು. ಗೌರಕ್ಕ ನೆಲದ ಮೇಲೆ ಕೂಡಿಸಿ ರೊಟ್ಟಿ ಬಡಿಯಲು ಹಚ್ಚಿದ್ದಳಂತೆ. ಹಬ್ಬದ ದಿನ ಅತಿಥಿಯನ್ನು ರೊಟ್ಟಿ ಬಡಿಯಲು ಹಚ್ಚುವುದು ಯಾವ ಊರಿನ ರೀತಿ?

“ಕಾಕಿ ಕನ್ನಡದಾಗ ಹೇಳ್ತಾರ, ಈಕಿ ಇಂಗ್ಲಿಷಿನ್ಯಾಗ ಹೇಳ್ತಾಳ. ಇಬ್ಬರೂ ನಗತಾರ ಅತ್ತೀ,” ಎಂದು ಮಂದಾಕಿನಿಯೂ ನಕ್ಕಳು.

ನಗುವಂಥದ್ದು ಏನಿದೆ ಎಂದೆ.

೨೨ ಜನವರಿ, ರವಿವಾರ

ಬಳೆಗಾರ್ತಿ ಕರೀಮಾಬಿ ಬಂದಿದ್ದಳು. ಹಿತ್ತಿಲ ಕಟ್ಟೆಯ ಮೇಲೆ ಬುಟ್ಟಿ ಇಳಿಸಿದಳು. ಮಂದಾಕಿನಿ ಬಳೆ ಇಟ್ಟುಕೊಂಡಳು, ಗೌರಕ್ಕ ಇಟ್ಟುಕೊಂಡಳು. ಆಮೇಲೆ ಮಡಮ್ಮನ ಕೈಯನ್ನೂ ಗೌರಕ್ಕನೇ ಹಿಡಿದು ಮುಂದೆ ಮಾಡಿದಳು.

“ಯವ್ವಾ, ಇವು ಕೈಯೇನ್ರಿ? ಪೈಲ್ವಾನನ ಕೈ ಆಗ್ಯಾವ,” ಎಂದಳು ಕರೀಮಾಬಿ. “ಎಷ್ಟು ಮಂದಿ ಕೂಸಿನ್ನ ಎಳದಾವೋ ಏನೋ. ಇವತ್ತ ನನ್ನ ಬುಟ್ಟಿ ದಿವಾಳಿ.”

“ಹಸಿರು ಹಾಕ, ಹಸಿರು. ಮುತ್ತೈದಿ ಹೆಣ್ಣುಮಗಳು, ಖಾಲಿ ಕೈಲೆ ತಿರಗತಾಳ,” ಎಂದಳು ಗೌರಕ್ಕ.

“ಅಕಿ ಗಂಡಗ ಚಿಂತಿಲ್ಲ, ನಿಮಗ ಚಿಂತಿ.”

“ಅವಗೇನ ಗೊತ್ತಾಗತೈತಿ, ಸಮುದ್ರದಾಚಿ ಕೂತಾನ.”

ಮೂರು ಬಳೆ ಒಡೆದವು. ನಾಲ್ಕನೆಯದು ಏರಿತು. ಮಡಮ್ಮ ಕೈ ಎತ್ತಿ ಗಿಲಿಗಿಲಿ ಅನ್ನಿಸಿ, ಆಮೇಲೆ ನನ್ನ ಕೈ ಹಿಡಿದು ಕರೀಮಾಬಿಯ ಮುಂದೆ ಎಳೆದಳು. ನನಗೂ ಇಡಿಸಬೇಕೆಂದು ಅವಳ ಇಚ್ಛೆ. ಕರೀಮಾಬಿ ಬುಟ್ಟಿಯಲ್ಲಿ ಏನನ್ನೋ ಹುಡುಕತೊಡಗಿದಳು. ಗೌರಕ್ಕ ಕೈ ಅಲ್ಲಾಡಿಸಿ, “ಅವರಿಗೆ ಬ್ಯಾಡ, ಅವರಿಗೆ ಬ್ಯಾಡ,” ಎಂದಳು.

ಹಾಲು ಉಕ್ಕುತ್ತದೆ ಎಂದು ಒಳಗೆ ಬಂದೆ.

ಗೌರಕ್ಕ ಮೂವತ್ತೊಂದು ವರ್ಷದ ಹಿಂದೆ ಈ ಮನೆಗೆ ಬಂದಾಗ ಸೀರೆಯ ನಿರಿಗೆ ಹಿಡಿಯುವುದನ್ನು ಕಲಿಸಿದವಳು ನಾನು. ಈಗ ಅವಳು ನನ್ನ ಪರವಾಗಿ ಬೇಕು ಬೇಡ ಹೇಳುತ್ತಾಳೆ.

೨೮ ಜನವರಿ, ಶನಿವಾರ

ದವಾಖಾನೆಯಿಂದ ಬಂದವಳು ದಿನಾಲು ಕೈಕಾಲು ತೊಳೆದು ಹಿತ್ತಿಲಿನಿಂದ ಆಚೆಗೆ ಹೋಗುತ್ತಾಳೆ. ಮಲಗಲು ಮಾತ್ರ ನನ್ನ ಮನೆ. ಹೊಸ ಗಾದಿ, ಹೊಸ ಸೊಳ್ಳೆಪರದೆ, ಬಚ್ಚಲಿಗೆ ಸುಣ್ಣ, ಎಲ್ಲ ಮಾಡಿಸಿದ್ದು ನಾನು. ಅಡಿಗೆಮನೆಯ ಗೋಡೆಗೆ ಕಿವಿ ಕೊಡುವ ಸ್ವಭಾವ ನನ್ನದಲ್ಲ. ಅವರ ನಗೆ ತಾನಾಗಿ ಕೇಳಿಸುತ್ತದೆ.

೩ ಫೆಬ್ರುವರಿ, ಶುಕ್ರವಾರ

ನಮ್ಮಲ್ಲಿ ಅವಳ ಕೊನೆಯ ರಾತ್ರಿ. ಮಳೆಗಾಲವಲ್ಲದಿದ್ದರೂ ಸಂಜೆ ನಾಲ್ಕು ಹನಿ ಬಿದ್ದವು. ಅದಕ್ಕೇ ಇರಬೇಕು, ಆಚೆಗೆ ಹೋಗದೆ ನನ್ನ ಎದುರು ಜಮಖಾನೆಯ ಮೇಲೆ ಕುಳಿತಳು. ಸುಮ್ಮನೆ ಕೂಡುವುದು ಸರಿಯಲ್ಲವೆಂದು ಮಂದಾಕಿನಿಗೆ ಹೇಳಿದೆ, “ಇಷ್ಟು ದೂರ ಇಕಿ ಗಂಡ ಇಕಿನ್ನ ಹ್ಯಾಂಗ ಬಿಟ್ಟು ಕಳಿಸಿದ, ಕೇಳು.”

ಗಂಡನಿಲ್ಲ. ಆರು ವರ್ಷವಾಯಿತಂತೆ. ಗೋವಿನಜೋಳದ ಹೊಲದಲ್ಲಿ ಟ್ರ್ಯಾಕ್ಟರು ಮಗುಚಿ ಬಿದ್ದಿತಂತೆ. ಮಿಸೆಸ್ ಎಂದು ಈಗಲೂ ಬರೆಯುತ್ತಾರಂತೆ. ಉಂಗುರ ತೆಗೆಯಬೇಕೆಂದು ಅವಳಿಗೆ ಯಾರೂ ಹೇಳಲಿಲ್ಲವಂತೆ. ನಾವೂ ಕೇಳಿರಲಿಲ್ಲ. ಮಿಸೆಸ್ ಎಂದರೆ ಗಂಡನಿದ್ದವಳು ಎಂದು ಕ್ಲಬ್ಬಿನವರು, ಗೌರಕ್ಕ, ನಾನು, ಎಲ್ಲರೂ ತಿಳಿದುಬಿಟ್ಟಿದ್ದೆವು.

ಆಮೇಲೆ ಅವಳು ಕೇಳಿದಳು, ನಿಮ್ಮವರು ಹೇಗೆ ಹೋದರು ಎಂದು.

ಹೇಳಿದೆ. ಬೀಜ ಬಿಡಿಸುವ ಜಿನ್ನಿನಲ್ಲಿ ಅರಳೆಯ ಮಾಲು ನೋಡಲು ಹೋಗಿದ್ದರು. ಒಂದು ಹಿಡಿ ಅರಳೆ ಎಳೆದು, ಎಳೆಯ ಉದ್ದ ನೋಡುತ್ತ ಕುಳಿತವರು ಏಳಲಿಲ್ಲ. ಮನೆಗೆ ತಂದಾಗಲೂ ಮುಷ್ಟಿಯಲ್ಲಿ ಅರಳೆ ಇತ್ತು, ನಾನೇ ಬಿಡಿಸಿದೆ. ಇಷ್ಟೇ. ಮಂದಾಕಿನಿ ಇಂಗ್ಲಿಷಿನಲ್ಲಿ ಹೇಳುವುದನ್ನು ನಡುವೆ ಬಿಟ್ಟು ನನ್ನ ಮುಖವನ್ನೇ ನೋಡುತ್ತ ಕುಳಿತಳು. ಅವಳಿಗೆ ಈ ಸಂಗತಿ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಮುಂದ ಹೇಳು ಎಂದೆ.

ಈಡಿತ್ ಜಮಖಾನೆಯ ಮೇಲೆ ನನ್ನ ಹತ್ತಿರ ಸರಿದಳು. ಈ ಸಲ ಥ್ಯಾಂಕ್ಯೂ ಅನ್ನಲಿಲ್ಲ.

ಅವಳು ಮಲಗಲು ಹೋದ ಮೇಲೆ ಮಂದಾಕಿನಿ ಮೆಲ್ಲಗೆ, “ಅತ್ತೀ, ಕಾಕಿ ಅಕಿನ್ನ ಮುತ್ತೈದಿ ಅಂತ ತಿಳಕೊಂಡು ಹಸಿರು ಬಳಿ ಇಡಿಸ್ಯಾರ. ಓಣಿ ತುಂಬ ಕರಕೊಂಡು ಹೋಗಿ ಕುಂಕುಮ ಹಚ್ಚಸ್ಯಾರ. ಹೇಳೂಣೇನ್ರಿ?” ಎಂದಳು.

“ಯಾರೂ ಹೇಳೂದು ಬ್ಯಾಡ.”

“ಮುಂದ ಗೊತ್ತಾದರ ಕಾಕಿಗೆ ಮಂದಿ ಏನಂದಾರು?”

“ಅದಕ್ಕ ಹೇಳೂದು ಬ್ಯಾಡ ಅಂದೆ.”

ಗೌರಕ್ಕ ತನಗೆ ಎಲ್ಲ ತಿಳಿಯುತ್ತದೆ ಎನ್ನುತ್ತಾಳೆ. ಈ ಒಂದು ಮಾತು ನನ್ನ ಕೈಯಲ್ಲಿರಲಿ. ಯಾವಾಗ ಬೇಕೋ ಆವಾಗ ತೆಗೆಯುತ್ತೇನೆ.

೪ ಫೆಬ್ರುವರಿ, ಶನಿವಾರ

ಹೋದಳು. ಹೋಗುವುದೆಂದರೆ ಹಿತ್ತಿಲು ದಾಟುವುದು. ಗಾದಿ ಮಡಿಸಿ ಇಡಿಸಿದೆ.

೯ ಫೆಬ್ರುವರಿ, ಗುರುವಾರ

ಮುರುಗೆಪ್ಪ ಜಂಬದಿಂದ ಹೇಳಿದ, ದವಾಖಾನೆಯ ಸಾವಂತ್ರೆವ್ವ ಅಮೆರಿಕದಲ್ಲಿ ಮೋಟಾರು ನಡೆಸುವುದನ್ನು ಕಲಿತಿದ್ದಾಳಂತೆ. ಕಲಿಸಿದವಳು ಈಡಿತಳ ತಾಯಿ. ಎಪ್ಪತ್ತು ವರ್ಷದ ಮುದುಕಿ. ಸಾವಂತ್ರೆವ್ವನ ಅವ್ವ ಯಂಕವ್ವ ಓಣಿ ಓಣಿಗೆ ಹೇಳಿಕೊಂಡು ತಿರುಗುತ್ತಿದ್ದಾಳಂತೆ.

ಮೋಟಾರು ನಡೆಸಿ ಏನು ಮಾಡುವುದಿದೆ? ಇಲ್ಲಿಗೆ ಬಂದ ಮೇಲೆ ಟಾಂಗಾದಲ್ಲಿಯೇ ಕೂಡಬೇಕು.

ಬೋರ್ಡಿಂಗಿನಲ್ಲಿದ್ದಾಗ ನಾನೂ ಸೈಕಲ್ಲು ಕಲಿಯಲು ಹೊರಟಿದ್ದೆ. ಅಷ್ಟರಲ್ಲಿ ಲಗ್ನ ಗೊತ್ತಾಯಿತು.

೧೩ ಫೆಬ್ರುವರಿ, ಸೋಮವಾರ. ಶಿವರಾತ್ರಿ

ಉಪವಾಸ. ಮಠಕ್ಕೆ ಹೋಗಿ ಬಂದೆ. ಗೌರಕ್ಕ ಈಡಿತಳನ್ನೂ ಕರೆತಂದಿದ್ದಳು. ಎದೆಯ ಮೇಲೆ ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ಹೆಚ್ಚು ಕಡಿಮೆಯಿಲ್ಲ ಎಂದು ಅಯ್ಯನವರು ಎಂದಿನಂತೆ ಹೇಳಿದರು. ಎಲ್ಲರೂ ತಲೆದೂಗಿದರು. ಹೊರಗೆ ಬಂದ ಮೇಲೆ ಅದೇ ಹೆಂಗಸರು ಕುಂಕುಮದ ಬಟ್ಟಲು ತೆಗೆದು, ಗೌರಕ್ಕನಿಗೆ ಹಚ್ಚಿ, ನನ್ನನ್ನು ದಾಟಿ, ಈಡಿತ್‌ಗೆ ಹಚ್ಚಿದರು. ನಾನು ನಡುವೆ ನಿಂತಿದ್ದೆ.

ನನಗೂ ಅವಳಿಗೂ ಗಂಡನಿಲ್ಲ. ಅವಳ ಹಣೆಗೆ ಕುಂಕುಮ.

ಅಲ್ಲಿಯೇ ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಶಿವರಾತ್ರಿಯ ದಿನವೆಂದು ಬಿಟ್ಟೆ.

೨೪ ಫೆಬ್ರುವರಿ, ಶುಕ್ರವಾರ

ಗೌರಕ್ಕ ಬಂದಳು. ಕೈಯಲ್ಲಿ ಒಂದು ಇಳಕಲ್ಲ ಸೀರೆ.

“ಅಕ್ಕಾರ, ಮುಂದಿನ ಶುಕ್ರವಾರ ಈಡಿತಗ ಉಡಿ ತುಂಬಿ ಕಳಸತೀವಿ. ಶನಿವಾರ ಅಕಿ ಗಾಡಿ. ಕ್ಲಬ್ಬಿನ ಹೆಣ್ಣುಮಕ್ಕಳು ಎಲ್ಲಾರೂ ಬರತಾರ. ಈ ಸೀರಿ ಹೆಂಗೈತಿ ನೋಡ್ರಿ.”

ಬಣ್ಣ ಛಲೋ ಇತ್ತು. “ಸೆರಗು ಸಣ್ಣದಾತು,” ಎಂದೆ.

“ನೀವ ಹಿರ್ಯಾರು. ಬರಾಕ ಬೇಕು.”

“ಬಂದು ನಾ ಏನ ಮಾಡ್ಲಿ?”

ಅವಳು ಸೀರೆಯ ಮಡಿಕೆ ಸರಿಮಾಡುತ್ತ ನಿಂತಳು. “ಹೂರಣದ ಕಡೆ ನೋಡಿಕೊಂಡರ ಸಾಕ್ರಿ. ನಿಮ್ಮ ಕೈ ಹೋಳಿಗಿ ಇಡೀ ಹುಬ್ಬಳ್ಳ್ಯಾಗ ಯಾರಿಗೂ ಬರಂಗಿಲ್ಲ.”

ಹಿರಿಯಳೂ ಹೌದು, ಒಲೆಯ ಮುಂದೆ ಕೂಡುವವಳೂ ಹೌದು. ಈ ಮನೆಗೆ ಬಂದ ಹೆಣ್ಣುಮಕ್ಕಳ ಉಡಿಗೆ ಇಪ್ಪತ್ತೈದು ವರ್ಷ ಅಕ್ಕಿ ಹಾಕಿದ ಕೈ ಇದು. ಗೌರಕ್ಕನ ಉಡಿ ಮೊದಲು ತುಂಬಿದ್ದೂ ಇದೇ ಕೈ.

ಬರುತ್ತೇನೆ ಎಂದೆ. ಅವಳಿಗೆ ಸಮಾಧಾನವಾಯಿತು.

ಬರುತ್ತೇನೆ. ಅವಳು ಉಡಿಗೆ ಮೊದಲ ಹಿಡಿ ಅಕ್ಕಿ ಹಾಕುವಾಗ ಹೇಳುತ್ತೇನೆ. ವಿಧವೆಗೆ ಉಡಿ ತುಂಬಿದವಳು ಎಂದು ಓಣಿಯೆಲ್ಲ ಆಡಿಕೊಳ್ಳಲಿ. ಮಂದಾಕಿನಿಗೆ ನನ್ನ ಮುಖದಲ್ಲಿ ಏನು ಕಂಡಿತೋ, “ಅತ್ತೀ, ಅಕಿ ಪರದೇಶದಾಕಿ, ಅಕಿನ್ನ ನಡುವ ತರಬ್ಯಾಡ್ರಿ,” ಎಂದಳು. ನಿನಗ್ಯಾಕ ಎಂದೆ.

೩ ಮಾರ್ಚ್, ಶುಕ್ರವಾರ

ಬರೆಯಬೇಕೋ ಬೇಡವೋ ಎಂದು ದೀಪ ಹಚ್ಚಿದಾಗಿನಿಂದ ಕುಳಿತಿದ್ದೇನೆ. ಆದದ್ದನ್ನು ಆದ ಹಾಗೆ ಬರೆಯುವುದೇ ಸರಿ. ನಾಳೆ ಬೇರೆಯವರು ಬೇರೆ ಹೇಳಬಹುದು.

ಮಧ್ಯಾಹ್ನಕ್ಕೆಲ್ಲ ಹೋಳಿಗೆ ಮುಗಿಸಿ ಕೈ ತೊಳೆದು ಗೌರಕ್ಕನ ಪಡಸಾಲೆಗೆ ಬಂದೆ. ಜಮಖಾನೆಯ ಮೇಲೆ ಹೆಂಗಸರು ತುಂಬಿದ್ದರು. ನಡುವೆ ಮಣೆಯ ಮೇಲೆ ಈಡಿತ್, ಇಳಕಲ್ಲ ಸೀರೆ ಉಟ್ಟು, ತಲೆಯ ಮೇಲೆ ಸೆರಗು. ಗೌರಕ್ಕ ಉಡಿಸಿದ ನಿರಿಗೆ ಎಡಕ್ಕೆ ವಾಲಿತ್ತು. ಈಡಿತ್ ನನ್ನನ್ನು ಕಂಡು, “ಬರ್ರಿ ಅವ್ವಾರ, ಕೂಡ್ರಿ,” ಎಂದಳು. ಆಚೆ ಮನೆಯಲ್ಲಿ ಕಲಿತ ಮಾತು.

ಅವಳ ಬಗಲಲ್ಲಿ ಜಾಗವಿತ್ತು, ಕುಳಿತೆ.

ಕ್ಲಬ್ಬಿನವರು ಫೋಟೊ ತೆಗೆಯಲು ಶಾಬುದ್ದೀನನನ್ನು ಕರೆಸಿದ್ದರು. ಅವನು ಕ್ಯಾಮೆರಾ ನಿಲ್ಲಿಸಿ ಬಟ್ಟೆಯಲ್ಲಿ ತಲೆ ಹಾಕಿ ನೋಡುತ್ತಿದ್ದ. ಆಗ ಅಧ್ಯಕ್ಷರ ಹೆಂಡತಿ ನನ್ನ ಕಡೆಗೆ ಬಗ್ಗಿ, ಬಹಳ ನಯವಾಗಿ, “ಶಿವಲಿಂಗವ್ವಾರ, ಒಂದೀಟು ಆ ಕಡೆ ಸರೀರಿ. ಈ ಫೋಟೊ ಅಮೆರಿಕಾಕ್ಕ ಹೋಗತೈತಿ. ಉಡಿ ತುಂಬೂದರಾಗ ಮುತ್ತೈದೇರು ಅಷ್ಟ ಇರಲಿ,” ಎಂದರು.

ಅವರ ವಯಸ್ಸು ನನ್ನ ಸೊಸೆಯಷ್ಟು.

ನಾನು ಸರಿದೆ. ಗೋಡೆಗೆ ಹೋಗಿ ನಿಂತೆ. ಗೌರಕ್ಕ ಮೊರದಿಂದ ಎರಡೂ ಕೈ ತುಂಬ ಅಕ್ಕಿ ತೆಗೆದಳು. ಈಡಿತ್ ತೋರಿಸಿಕೊಟ್ಟಂತೆ ಸೆರಗು ಹರವಿ ಒಡ್ಡಿದಳು.

“ತಡಿ ಗೌರಕ್ಕ,” ಎಂದೆ. “ಇಕಿಗೆ ಗಂಡ ಇಲ್ಲ. ಹೋಗಿ ಆರು ವರ್ಷ ಆತು.”

ಅಧ್ಯಕ್ಷರ ಹೆಂಡತಿ ಮಂದಾಕಿನಿಯನ್ನು ನೋಡಿದರು. ಮಂದಾಕಿನಿ ನೆಲ ನೋಡಿದಳು. ಅಷ್ಟು ಸಾಕಾಯಿತು. ಹಿಂದಿನಿಂದ ಒಬ್ಬಳು, “ಶಿವಾ, ಶಿವರಾತ್ರ್ಯಾಗ ನಾ ನನ್ನ ಕೈಲೆ ಕುಂಕುಮ ಹಚ್ಚೇನಲ್ಲವಾ,” ಎಂದಳು. ಇನ್ನೊಬ್ಬಳು, “ಗೌರಕ್ಕ, ಕೇಳಬಾರದಿತ್ತೇನ ನೀ? ಮನ್ಯಾಗ ತಿಂಗಳಗಟ್ಟಲೆ ಇಟಗೊಂಡಿ,” ಎಂದಳು. ಇಬ್ಬರು ಎದ್ದರು. ಅಧ್ಯಕ್ಷರ ಹೆಂಡತಿ ಶಾಬುದ್ದೀನನಿಗೆ, “ಫೋಟೊ ಬ್ಯಾಡ, ಇರಲಿ,” ಎಂದರು.

ಗೌರಕ್ಕ ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಅವಳ ಕೈಯೊಳಗಿನ ಅಕ್ಕಿ ಬೆರಳ ಸಂದಿನಿಂದ ಮೊರಕ್ಕೆ ಇಳಿಯುತ್ತಿತ್ತು.

ಇದನ್ನೇ ನಾನು ಬಯಸಿದ್ದೆ. ಬಯಸಿದ ಹಾಗೆಯೇ ಆಯಿತು.

ಆದರೆ ಈಡಿತ್‌ಗೆ ಏನೂ ತಿಳಿದಿರಲಿಲ್ಲ. ಅವಳು ಸೆರಗು ಒಡ್ಡಿಕೊಂಡೇ ಕುಳಿತಿದ್ದಳು. ಏಳುವವರ ಮುಖ ನೋಡಿದಳು, ಗೌರಕ್ಕನ ಮುಖ ನೋಡಿದಳು, ತಾನೇ ಏನೋ ತಪ್ಪು ಮಾಡಿದೆ ಎಂದು ಸೆರಗನ್ನು ಇನ್ನಷ್ಟು ಅಗಲ ಮಾಡಿದಳು.

ನಮ್ಮ ಮನೆತನದಲ್ಲಿ ಒಡ್ಡಿದ ಉಡಿಯನ್ನು ಖಾಲಿ ಕಳಿಸಿದ್ದು ಎಂದೂ ಇಲ್ಲ. ಅತ್ತೆಯವರು ಪ್ಲೇಗಿನ ವರ್ಷ, ಮನೆಯಲ್ಲಿ ಎರಡು ಹೆಣ ಬಿದ್ದಾಗಲೂ, ತವರಿಗೆ ಹೊರಟ ಮಗಳ ಉಡಿ ತುಂಬಿಯೇ ಕಳಿಸಿದ್ದರು. ಈ ಹೆಂಗಸು ಸಾವಿರಾರು ಮೈಲಿಯಿಂದ ಬಂದು ನನ್ನ ಮೈದುನನ ಪಡಸಾಲೆಯಲ್ಲಿ ಬರಿ ಸೆರಗು ಹಿಡಿದು ಕುಳಿತಿದ್ದಾಳೆ. ನಾಳೆ ಅಲ್ಲಿ ಹೋಗಿ ತಾಯಿಗೆ ಏನು ಹೇಳುತ್ತಾಳೆ? ಹುಬ್ಬಳ್ಳಿಯ ಅರಳೆಯವರ ಮನೆಯಲ್ಲಿ ಕರೆದು ಕೂಡಿಸಿ ಬರಿ ಉಡಿಯಲ್ಲಿ ಎಬ್ಬಿಸಿದರು ಎಂದು. ಅಷ್ಟು ಹೊತ್ತಿಗೆ ಅವಳು ಏಳಲು ಕೈ ಊರಿದಳು.

ನಾನು ಇಂಗ್ಲಿಷಿನಲ್ಲಿ, “ಕೂತಿರು. ಏಳಬೇಡ,” ಎಂದೆ. ಸ್ವಲ್ಪ ಜೋರಾಗಿಯೇ ಅಂದೆನೋ ಏನೋ, ಎದ್ದು ನಿಂತವರಲ್ಲಿ ಒಬ್ಬಳು ಕುಳಿತಳು.

ಗೌರಕ್ಕನ ಮುಂದಿನ ಮೊರ ನನ್ನ ಕಡೆಗೆ ಎಳೆದುಕೊಂಡೆ. ಅಕ್ಕಿ ಹಾಕಿದೆ. ಐದು ಸಲ ಹಾಕಬೇಕು, ಹಾಕಿದೆ. ಅರಿಷಿಣದ ಬೇರು, ಉತ್ತತ್ತಿ, ಎಲೆ ಅಡಿಕೆ, ಕುಬಸದ ಕಣ. ಒಂಬತ್ತು ವರ್ಷದಿಂದ ಮಾಡಿಲ್ಲದಿದ್ದರೂ ಕೈಗೆ ಎಲ್ಲ ನೆನಪಿತ್ತು.

“ವಿಧವಿ ಕೈಲೆ ವಿಧವಿ ಉಡಿ,” ಎಂದು ಯಾರೋ ಅಂದರು.

“ಹೌದು. ಇಕಿ ಹಡಸಿದ ಕೂಸುಗಳು ದವಾಖಾನ್ಯಾಗ ಅದಾವ, ಅವನ್ನೂ ಹೊಳ್ಳಿ ಕಳಸ್ರಿ ಹಂಗಾರ,” ಎಂದೆ.

ಸೆರಗಿನ ತುದಿ ಕಟ್ಟಲು ಹೋದೆ. ಆಗ ಗೌರಕ್ಕ ಮುಂದೆ ಬಂದು ನನ್ನ ಕೈ ತಡೆದಳು. ಕಣ್ಣು ಕೆಂಪಾಗಿದ್ದವು.

“ಕಾಯಿ ಮರತ್ರಿ ಅಕ್ಕಾರ,” ಎಂದು ತೆಂಗಿನಕಾಯಿ ತಾನೇ ಉಡಿಯೊಳಗೆ ಇಟ್ಟಳು.

ನಾಲ್ಕು ಜನರ ಎದುರು ತಪ್ಪು ತೋರಿಸುವ ಚಟ ಅವಳಿಗೆ ಮೊದಲಿನಿಂದಲೂ ಇದೆ. ಕಾಯಿ ಮೊರದ ಹಿಂದೆ ಇತ್ತು, ನನಗೆ ಕಾಣಲಿಲ್ಲ. ಅಷ್ಟೇ.

ಅರ್ಧಕ್ಕೂ ಹೆಚ್ಚು ಜನ ಉಣ್ಣದೆ ಹೋದರು. ಹೋಳಿಗೆ ಬುಟ್ಟಿಗಟ್ಟಲೆ ಉಳಿಯಿತು. ಶಾಬುದ್ದೀನ ಫೋಟೊ ತೆಗೆದನೋ ಇಲ್ಲವೋ ನೋಡಲಿಲ್ಲ. ಅವನು ಎಂಟು ಹೋಳಿಗೆ ತಿಂದ. ಈಡಿತ್, ಗೌರಕ್ಕ, ಮಂದಾಕಿನಿ, ನಾನು ಅಡಿಗೆಮನೆಯಲ್ಲಿ ನೆಲದ ಮೇಲೆ ಕುಳಿತು ಉಂಡೆವು. ಮಂದಾಕಿನಿ ಈಡಿತ್‌ಗೆ ಎಲ್ಲವನ್ನೂ ತಿಳಿಸಿ ಹೇಳಿದಳು. ಈಡಿತ್ ಕೈಯಲ್ಲಿಯ ತುತ್ತು ಹಾಗೇ ಹಿಡಿದು, ಗೌರಕ್ಕನಿಗೂ ನನಗೂ ಏನೋ ಹೇಳಿದಳು. ಮಂದಾಕಿನಿ ಕನ್ನಡದಲ್ಲಿ ಹೇಳಲು ಬಾಯಿ ತೆರೆದಳು. ತಿಳೀತು, ಬ್ಯಾಡ ಎಂದೆ.

೪ ಮಾರ್ಚ್, ಶನಿವಾರ

ಸ್ಟೇಶನ್ನಿಗೆ ಹೋಗಿದ್ದೆವು. ಗಾಡಿ ತಡವಾಗಿ ಬಂತು. ಕ್ಲಬ್ಬಿನಿಂದ ಮುರುಗೆಪ್ಪ ಬಿಟ್ಟರೆ ಯಾರೂ ಬರಲಿಲ್ಲ. ಈಡಿತ್ ಕಾಲಿಗೆ ಬೀಳಲು ಬಗ್ಗಿದಳು, ಅಷ್ಟು ಎತ್ತರದವಳು ಬಗ್ಗಿದ್ದು ನೋಡಿ ಹಮಾಲರು ನಿಂತರು. ಕೈಯಲ್ಲಿ ಹಸಿರು ಬಳೆ ಇದ್ದವು. ಇರಲಿ, ಅವಳ ಕೈ.

ಗೌರಕ್ಕ ಅತ್ತಳು. ಟಾಂಗಾದಲ್ಲಿ ನನ್ನ ಕಡೆಗೆ ಬೆನ್ನು ಮಾಡಿ ಕುಳಿತಳು.

೧೧ ಮಾರ್ಚ್, ಶನಿವಾರ

ಆಚೆ ಮನೆಯಿಂದ ಸಪ್ಪಳವೇ ಇಲ್ಲ. ಓಣಿಯವರು ಗೌರಕ್ಕನಿಗೆ ಬೀದಿಯಲ್ಲಿ ಮುಖ ಕೊಡುವುದಿಲ್ಲವೆಂದು ಮಂದಾಕಿನಿ ಹೇಳಿದಳು. ಇದ್ದದ್ದನ್ನು ಹೇಳಿದವಳೆಂದು ನನಗೆ ಮಾತ್ರ ಎಲ್ಲರೂ ನಮಸ್ಕಾರ ಮಾಡುತ್ತಾರೆ. ಮಂದಾಕಿನಿಗೆ ಇದು ಸರಿಕಾಣುವುದಿಲ್ಲ. ಮಾತನಾಡುವಾಗ ನನ್ನನ್ನು ನೋಡುವುದಿಲ್ಲ.

ಊಟ ರುಚಿಸುತ್ತಿಲ್ಲ. ಬಿಸಿಲು ಹೆಚ್ಚಾಗಿದೆ.

೨೪ ಮಾರ್ಚ್, ಶುಕ್ರವಾರ

ಯುಗಾದಿಗೆ ಬಂದಿದ್ದ ಗೌರಕ್ಕನ ಮಗಳು ನಾಳೆ ಗಂಡನ ಮನೆಗೆ ಹೋಗುತ್ತಾಳೆ. ಉಡಿ ತುಂಬಲು ಗೌರಕ್ಕ ಓಣಿಗೆಲ್ಲ ಹೇಳಿ ಬಂದಿದ್ದಳು. ನನಗೆ ಹೇಳಲು ಬಂದಿರಲಿಲ್ಲ. ಬಾಗಿಲವರೆಗೆ ಬಂದು ಹೋದಳೆಂದು ಗುರುಶಿದ್ದಪ್ಪ ಅಂದ.

ಸಂಜೆ ಮಂದಾಕಿನಿ ಆಚೆಯಿಂದ ಬಂದು, “ಅರ್ಧಕ್ಕರ್ಧ ಮಣಿ ಖಾಲಿ ಅದಾವ್ರಿ. ಕಾಕಿ ಸುಮ್ಮನ ಬಾಗಲ ಕಡೆ ನೋಡಿಕೋತ ಕೂತಾರ. ಅವರ ಮಗಳು ಅಳಾಕತ್ತಾಳ,” ಎಂದಳು. ಈ ಸಲ ನನ್ನನ್ನು ನೋಡಿಯೇ ಹೇಳಿದಳು.

ಗೌರಕ್ಕನ ಪಡಸಾಲೆ ಖಾಲಿ ಇರುವುದನ್ನು ಕಾಣಬೇಕೆಂದು ಎಷ್ಟೋ ಸಲ ಅನಿಸಿತ್ತು. ನೋಡಿ ಬರೋಣವೆಂದು ಎದ್ದೆ. ಸೀರೆ ಬದಲಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಹಿತ್ತಿಲಿನಿಂದಲ್ಲ, ಬೀದಿಯ ಬಾಗಿಲಿನಿಂದ ಹೋದೆ. ಓಣಿಯವರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು.

ಮಣೆಗಳ ಸಾಲಿನಲ್ಲಿ ಕೊನೆಗೆ ಕೂಡುವುದು ನನ್ನ ಸ್ವಭಾವವಲ್ಲ. ಮೊದಲನೆಯದು ಖಾಲಿ ಇತ್ತು, ಅದರ ಮೇಲೆ ಕುಳಿತೆ. ಬಂದಿದ್ದ ನಾಲ್ಕೈದು ಜನ ನನ್ನ ಹಣೆಯ ವಿಭೂತಿ ನೋಡಿದರು.

ಗೌರಕ್ಕ ಮಗಳ ಉಡಿ ತುಂಬಿ, ಸಾಲಿನಲ್ಲಿ ಕುಳಿತವರಿಗೂ ತುಂಬಲು ಮೊರ ಹಿಡಿದು ಬಂದಳು. ಮೊದಲ ಮಣೆಯ ಮುಂದೆ ನಿಂತಳು.

“ಅಕ್ಕಾರ,” ಎಂದಳು. ಮೊರದ ಅಕ್ಕಿ ನೋಡಿದಳು, ಬಂದವರ ಮುಖ ನೋಡಿದಳು.

“ಎಷ್ಟೊತ್ತು ನಿಂದರತಿ? ಕೈ ನೋಯಾಕತ್ತಾವ,” ಎಂದೆ. ನನ್ನ ಸೆರಗು ಒಡ್ಡಿಯೇ ಇತ್ತು.

ಅವಳು ಹಾಕಿದಳು. ಐದೂ ಸಲ ಹಾಕಿದಳು. ಕಾಯಿಯನ್ನೂ ಇಟ್ಟಳು. ಆಮೇಲೆ ಮುಂದಿನ ಮಣೆಗೆ ಹೋದಳು.

ಮನೆಗೆ ಬಂದು ಉಡಿ ಬಿಚ್ಚಿ ನೋಡಿದೆ. ಅಕ್ಕಿಯಲ್ಲಿ ನೆಲ್ಲು ಬಹಳ, ಹರಳೂ ಇವೆ. ಮುರುಗೆಪ್ಪ ಸೋವಿ ನೋಡಿ ಕೊಂ‍ಡಿರಬೇಕು. ಮಂದಾಕಿನಿ ಆರಿಸುತ್ತೇನೆ ಎಂದು ಬಂದಳು, ಕೊಡಲಿಲ್ಲ. ನಾನೇ ಒಂದೊಂದಾಗಿ ಆರಿಸಿ ಡಬ್ಬಿಯಲ್ಲಿ ಬೇರೆ ಇಟ್ಟಿದ್ದೇನೆ. ನಾಳೆ ಹುಗ್ಗಿ ಮಾಡುತ್ತೇನೆ. ಆಚೆಗೂ ಒಂದು ಬಟ್ಟಲು ಒಯ್ದು ಕೊಡಬೇಕು. ಇಂಥ ಅಕ್ಕಿ ಕೊಟ್ಟವಳು ತಾನೂ ತಿಂದು ನೋಡಲಿ.